ಬೆರಳು ಕಪ್ಪಾಯಿತೆಂದು ಕಾಲನ್ನೇ ತೆಗೆಯಬೇಕೇ?

ಪ್ರಶ್ನೆ: ನಮ್ಮದು ರೋಣ ತಾಲ್ಲೂಕಿನ ಹಳ್ಳಿ. ಅಪ್ಪನಿಗೆ 63 ವರ್ಷ, ಒಕ್ಕಲುತನ. ಶುಗರ್ ಬಂದು 14 ವರ್ಷವಾಯಿತು, ಬೀಡಿ ಅದಕ್ಕಿಂತ ಹಳೆಯದು. ಎರಡು ತಿಂಗಳ ಹಿಂದೆ ಹೊಲದಲ್ಲಿ ಬಲಗಾಲಿನ ಕಿರುಬೆರಳಿಗೆ ಜಾಲಿಮುಳ್ಳು ನೆಟ್ಟಿತ್ತು. ಗಾಯ ಮಾಯಲಿಲ್ಲ, ಈಗ ಎರಡು ಬೆರಳು ಕಪ್ಪಾಗಿ ಒಣಗಿವೆ. ಕೀವು, ಜ್ವರ ಇಲ್ಲ. ರಾತ್ರಿ ನೋವಿಗೆ ನಿದ್ದೆ ಇಲ್ಲ. ಒಂದು ಆಸ್ಪತ್ರೆಯಲ್ಲಿ ಮೊಣಕಾಲ ಕೆಳಗೆ ಕಾಲು ತೆಗೆಯಬೇಕು ಎಂದರು. ಇನ್ನೊಂದರಲ್ಲಿ ಸಿಟಿ ಆಂಜಿಯೋಗ್ರಾಂ ಮಾಡಿಸಿ, ತೊಡೆಯ ರಕ್ತನಾಳ ಪೂರ್ತಿ ಮುಚ್ಚಿದೆ, ಮೊಣಕಾಲ ಕೆಳಗೆ ಒಂದೇ ನಾಳ ಪಾದದವರೆಗೆ ತೆರೆದಿದೆ, ಬೈಪಾಸ್ ಮಾಡಬಹುದು, ಬಲೂನ್ ಕೂಡ ಆಗಬಹುದು ಎಂದರು. ಕಿಡ್ನಿ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.6 ಇದೆ. ಊರ ಹಿರಿಯರು "ಬರೀ ಬೆರಳು ತೆಗಿಸಿಬಿಡ್ರಿ, ಆರಾಮ ಆಗ್ತೈತಿ" ಅಂತಾರೆ. ಯಾರ ಮಾತು ಕೇಳಬೇಕು? ನಮ್ಮ ಚಿಕ್ಕಪ್ಪನ ಮಗನಿಗೆ 34 ವರ್ಷ, ಅವನಿಗೂ ಬೆರಳುಗಳು ತಣ್ಣಗಾಗಿ ನೀಲಿಗಟ್ಟುತ್ತಿವೆ. ಇದು ಮನೆತನದ ರೋಗವೇ?

ಉತ್ತರ: ಮೊದಲು ಹಿರಿಯರ ಮಾತಿನ ಬಗ್ಗೆ ಹೇಳುತ್ತೇನೆ, ಏಕೆಂದರೆ ನೀವು ಬರೆದದ್ದರಲ್ಲಿ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಅದೇ. ಬರೀ ಬೆರಳು ತೆಗೆಸಬೇಡಿ. ಪಾದಕ್ಕೆ ರಕ್ತ ಹರಿಯುವಂತೆ ಮಾಡುವ ಮೊದಲು ಆ ಬೆರಳಿಗೆ ಯಾರೂ ಕತ್ತರಿ ಹಚ್ಚಬಾರದು.

ಕಾರಣ ಸರಳ. ಇದ್ದ ಚರ್ಮ ಸುಮ್ಮನೆ ಜೀವ ಹಿಡಿದುಕೊಂಡಿರಲು ಸ್ವಲ್ಪ ರಕ್ತ ಸಾಕು. ಕೊಯ್ದ ಗಾಯ ಮಾಯಲು ಅದರ ಹಲವು ಪಟ್ಟು ಬೇಕು. ನಿಮ್ಮ ಕಡೆಯ ಹೊಲಗಳ ಮಾತಿನಲ್ಲೇ ಹೇಳುವುದಾದರೆ, ನವಿಲುತೀರ್ಥದ ಡ್ಯಾಮಿನಲ್ಲಿ ನೀರಿದೆ, ದೊಡ್ಡ ಕಾಲುವೆಯಲ್ಲೂ ಇದೆ, ಆದರೆ ನಡುವೆ ಎಲ್ಲೋ ಕಾಲುವೆ ಒಡೆದು ಹೂಳು ತುಂಬಿದೆ. ಕೊನೆಯ ಹೊಲದಲ್ಲಿ ಬೆಳೆ ಒಣಗಿದೆ. ಒಣಗಿದ ಬೆಳೆ ಕಿತ್ತು ಹೊಸದಾಗಿ ಬಿತ್ತಿದರೆ ಪೈರು ಬರುವುದೇ? ನಿಮ್ಮ ತಂದೆಯವರ ಹೃದಯ ರಕ್ತ ತಳ್ಳುತ್ತಿದೆ, ತೊಡೆಸಂದಿನವರೆಗೆ ಅದು ಬರುತ್ತಿದೆ, ಅಲ್ಲಿಂದ ಕೆಳಗೆ ಹೂಳು. ಬೆರಳು ಆ ಕಾಲುವೆಯ ಕೊನೆಯ ಹೊಲ.

ನಾನು ಇದನ್ನು ಪುಸ್ತಕದಿಂದ ಮಾತ್ರ ಕಲಿತದ್ದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ನಾನಿದ್ದ ಒಂದು ಆಸ್ಪತ್ರೆಗೆ ನವಲಗುಂದದ ಕಡೆಯ ರೈತರೊಬ್ಬರು ಬಂದಿದ್ದರು. ಇದೇ ರೀತಿ ಕಪ್ಪಾದ ಒಂದು ಬೆರಳು. ತೆಗೆದೆವು. ಗಾಯ ಕೂಡಲಿಲ್ಲ, ಪಕ್ಕದ ಎರಡು ಬೆರಳು ಹೋದವು. ಆಮೇಲೆ ಅರ್ಧ ಪಾದ. ಆಮೇಲೆ ಮೊಣಕಾಲ ಕೆಳಗೆ. ಎಲ್ಲ ಒಂದೂವರೆ ತಿಂಗಳಲ್ಲಿ. ನಾಲ್ಕನೆಯ ಸಲ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವಾಗ ಅವರ ಹೆಂಡತಿ ನನ್ನ ಮುಖ ನೋಡಿ, "ಇನ್ನ ಎಷ್ಟ ಸಲ ಕೊಯ್ತೀರಿ ಯಪ್ಪಾ?" ಎಂದು ಕೇಳಿದರು. ಮೊದಲ ದಿನ ನಾನಾಗಲಿ ಬೇರೆ ಯಾರಾಗಲಿ ಆ ಪಾದದ ನಾಡಿ ಮುಟ್ಟಿ ನೋಡಿರಲಿಲ್ಲ. ಎರಡು ಬೆರಳಿಟ್ಟು ಅರ್ಧ ನಿಮಿಷ ನೋಡುವ ಕೆಲಸ ಅದು. ಅಂದಿನಿಂದ ಹುಣ್ಣಿನ ಕಾಲು ಮುಂದೆ ಬಂದರೆ ಪಟ್ಟಿ ಬಿಚ್ಚುವ ಮೊದಲು ನನ್ನ ಕೈ ನಾಡಿಗೆ ಹೋಗುತ್ತದೆ.

ಇಂಥ ಕಾಲಿಗೆ ನಾವು ಪಾಲಿಸುವ ಕ್ರಮ ಒಂದೇ: ಮೊದಲು ಕೀವು, ಆಮೇಲೆ ರಕ್ತ, ಕಟ್ಟಕಡೆಗೆ ಕತ್ತರಿ. ಕೀವು ತುಂಬಿದ್ದರೆ, ಪಾದ ಊದಿ ಕೆಂಪಾಗಿ ವಾಸನೆ ಬರುತ್ತಿದ್ದರೆ, ಜ್ವರ ಇದ್ದರೆ ಅದು ಹಸಿ ಗ್ಯಾಂಗ್ರೀನ್, ಅಂದರೆ ಸತ್ತ ಭಾಗ ಕೊಳೆಯುತ್ತಿದೆ. ಅದಕ್ಕೆ ಅದೇ ದಿನ ಕೊಯ್ದು ಕೀವು ಹೊರಗೆ ಬಿಡಬೇಕು, ನಾಳೆಗೆ ಎಂದರೆ ಜೀವಕ್ಕೇ ಅಪಾಯ. ನಿಮ್ಮ ತಂದೆಯವರದು ಈಗ ಒಣ ಗ್ಯಾಂಗ್ರೀನ್. ಕಪ್ಪಾದ ಭಾಗಕ್ಕೂ ಒಳ್ಳೆಯ ಚರ್ಮಕ್ಕೂ ನಡುವೆ ಗೆರೆ ಎಳೆದಂತೆ ಕಾಣುತ್ತಿರಬೇಕು. ಆದ್ದರಿಂದ ನಿಮಗೆ ಕೆಲವು ದಿನಗಳ ಅವಕಾಶ ಇದೆ, ತಿಂಗಳುಗಳ ಅವಕಾಶ ಇಲ್ಲ. ರಕ್ತ ಇಳಿದ ಮೇಲೆ ಆ ಬೆರಳುಗಳನ್ನು ತೆಗೆಯಲೇಬೇಕಾಗುತ್ತದೆ, ಸತ್ತದ್ದು ಮತ್ತೆ ಜೀವ ಪಡೆಯುವುದಿಲ್ಲ. ಆದರೆ ಆಗ ಕೊಯ್ದ ಜಾಗದಲ್ಲಿ ರಕ್ತ ಒಸರುತ್ತದೆ, ಗಾಯ ಕೂಡುತ್ತದೆ, ಪಾದ ಉಳಿಯುತ್ತದೆ.

ರಾತ್ರಿಯ ನೋವಿನ ಬಗ್ಗೆ ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ. ಅದು ಇಡೀ ಪತ್ರದ ಮುಖ್ಯ ಸಾಲು. ಅವರು ಹೊರಸಿನ ಮೇಲೆ ಎದ್ದು ಕುಳಿತು ಕಾಲು ಕೆಳಗೆ ಇಳಿಬಿಟ್ಟುಕೊಳ್ಳುತ್ತಾರೆಯೇ ನೋಡಿ. "ಕಾಲ ಇಳಿಬಿಟ್ರ ಸ್ವಲ್ಪ ಹಿತ ಅನಸ್ತೈತ್ರಿ ಸಾಹೇಬ್ರ" ಎಂಬ ಮಾತು ನಮ್ಮ ಓಪಿಡಿಯಲ್ಲಿ ದಿನಾ ಕೇಳುತ್ತದೆ. ಮಲಗಿದಾಗ ಪಾದಕ್ಕೆ ಇಳಿಯದ ರಕ್ತ ಕಾಲು ಇಳಿಬಿಟ್ಟಾಗ ಭಾರಕ್ಕೆ ಸ್ವಲ್ಪ ಇಳಿಯುತ್ತದೆ, ನೋವು ತಗ್ಗುತ್ತದೆ. ಕಾಲನ್ನು ಒಂದೆರಡು ನಿಮಿಷ ಎತ್ತಿ ಹಿಡಿದರೆ ಪಾದ ಸುಣ್ಣದಂತೆ ಬಿಳಿಚಿ, ಇಳಿಬಿಟ್ಟ ಮೇಲೆ ನಿಧಾನವಾಗಿ ಕೆಂಪೇರುತ್ತದೆ. ಆ ಕೆಂಪು ನೋಡಿ ರಕ್ತ ಚೆನ್ನಾಗಿದೆ ಎಂದು ಎಷ್ಟೋ ಜನ ಮೋಸ ಹೋಗುತ್ತಾರೆ. ನಡೆದಾಗ ಮಾತ್ರ ಮೀನಖಂಡ ಹಿಡಿದುಕೊಳ್ಳುವ ನೋವಿಗೆ ನಡಿಗೆಯ ಅಭ್ಯಾಸ, ಮಾತ್ರೆ, ಬೀಡಿ ಬಿಡುವುದು ಬಹಳ ಸಲ ಸಾಕು. ಸುಮ್ಮನೆ ಮಲಗಿದಾಗಲೂ ನೋವಿದ್ದು ಬೆರಳು ಕಪ್ಪಾಗಿದ್ದರೆ, ರಕ್ತ ತಲುಪಿಸದೆ ಕಾಲು ಉಳಿಯುವುದು ಕಷ್ಟ.

ಎಷ್ಟು ರಕ್ತ ತಲುಪುತ್ತಿದೆ ಎಂದು ಅಳೆಯಬಹುದು. ಕೈಯ ಬಿಪಿ ನೋಡುವಂತೆಯೇ ಕಣಕಾಲಿನ ಬಿಪಿಯನ್ನು, ರಕ್ತ ಹರಿಯುವ ಸದ್ದು ಕೇಳಿಸುವ ಸಣ್ಣ ಡಾಪ್ಲರ್ ಯಂತ್ರ ಹಿಡಿದು ನೋಡುತ್ತೇವೆ. ಆರೋಗ್ಯದ ಕಾಲಲ್ಲಿ ಎರಡೂ ಹೆಚ್ಚುಕಡಿಮೆ ಸಮ, ಕಾಲಿನದನ್ನು ಕೈಯದರಿಂದ ಭಾಗಿಸಿದರೆ 1 ಅಥವಾ ಸ್ವಲ್ಪ ಹೆಚ್ಚು ಬರುತ್ತದೆ. 0.9ಕ್ಕಿಂತ ಕಡಿಮೆಯಾದರೆ ನಾಳದಲ್ಲಿ ತಡೆ ಇದೆ. 0.4ಕ್ಕಿಂತ ಕೆಳಗೆ ಹೋದರೆ ಕಾಲು ಅಪಾಯದಲ್ಲಿದೆ. ಆದರೆ ಹಳೆಯ ಶುಗರ್ ಇದ್ದವರಲ್ಲಿ ನಾಳದ ಗೋಡೆಗೆ ಸುಣ್ಣದ ಅಂಶ ಕಟ್ಟಿ ಅದು ಕೊಳವೆಯಂತೆ ಗಟ್ಟಿಯಾಗಿರುತ್ತದೆ, ಬಿಪಿ ಪಟ್ಟಿ ಎಷ್ಟು ಬಿಗಿದರೂ ಅದುಮುವುದಿಲ್ಲ. ಲೆಕ್ಕ 1.4 ಎಂದು ತೋರಿಸುತ್ತದೆ, ಬೆರಳು ಮಾತ್ರ ಸಾಯುತ್ತಿರುತ್ತದೆ. ಹಾಗಾಗಿ ಇವರಲ್ಲಿ ಕಾಲ್ಬೆರಳಿನ ಒತ್ತಡವನ್ನೇ ನೋಡಬೇಕು. ಅದು 30ಕ್ಕಿಂತ ಕಡಿಮೆ ಇದ್ದರೆ ಗಾಯ ತಾನಾಗಿ ಮಾಯುವ ಆಸೆ ಇಟ್ಟುಕೊಳ್ಳಬಾರದು. ನಿಮ್ಮ ವರದಿಗಳಲ್ಲಿ ಈ ಅಂಕಿ ಇದೆಯೇ ಹುಡುಕಿ, ಇಲ್ಲದಿದ್ದರೆ ಕೇಳಿ ಮಾಡಿಸಿ.

ಕ್ರಿಯಾಟಿನಿನ್ 1.6 ಎಂಬುದು ಚಿಕಿತ್ಸೆ ಬೇಡ ಎನ್ನಲು ಕಾರಣವಲ್ಲ, ಎಚ್ಚರಿಕೆಗೆ ಕಾರಣ. ಆಂಜಿಯೋಗ್ರಾಂಗೆ ಹಾಕುವ ಔಷಧ ಕಿಡ್ನಿಗೆ ಭಾರ, ಅದಕ್ಕೆ ಮೊದಲೇ ಸಲೈನ್ ಕೊಟ್ಟು ಔಷಧವನ್ನು ಹಿಡಿತದಲ್ಲಿ ಬಳಸುತ್ತಾರೆ. ಸಿಟಿ ಈಗಾಗಲೇ ಆಗಿರುವುದರಿಂದ ಅದನ್ನೇ ಇನ್ನೊಂದು ಆಸ್ಪತ್ರೆಯಲ್ಲಿ ಮತ್ತೆ ಮಾಡಿಸಬೇಡಿ. ಶುಗರ್‌ಗೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೆ ಹೇಳಿ. ಸೊಂಟಕ್ಕೂ ಮಂಡಿಗೂ ಎಂದು ಅಂಗಡಿಯಿಂದ ತರುವ ನೋವಿನ ಮಾತ್ರೆಗಳನ್ನು ಇಂದೇ ನಿಲ್ಲಿಸಿ. ಆ ಕಿಡ್ನಿಗೆ ಅವೇ ದೊಡ್ಡ ಶತ್ರು.

ಈಗ ಬೈಪಾಸೋ ಬಲೂನೋ ಎಂಬ ಪ್ರಶ್ನೆ. ಇದು ಒಂದೇ ಏಟಿಗೆ ಹೇಳಿ ಮುಗಿಸುವಂಥದ್ದಲ್ಲ.

ಕಾಲಿನದೇ ಸಿರೆ (ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳ) ತೆಗೆದು ಜೋಡಿಸಿ, ಮುಚ್ಚಿದ ಜಾಗವನ್ನು ಸುತ್ತುಹಾಕಿ ರಕ್ತ ದಾಟಿಸುವ ಬೈಪಾಸನ್ನು 1948ರಲ್ಲಿ ಪ್ಯಾರಿಸ್‌ನಲ್ಲಿ ಜಾನ್ ಕುನ್ಲಿನ್ ಮೊದಲು ಮಾಡಿದರು. ಇಂದಿನ ಬಲೂನ್ ಚಿಕಿತ್ಸೆಗೆ ಮೂಲವಾದ, ಒಳಗಿನಿಂದಲೇ ತಂತಿ ತೂರಿಸಿ ನಾಳ ಅಗಲಿಸುವ ವಿಧಾನವನ್ನು 1964ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಚಾರ್ಲ್ಸ್ ಡಾಟರ್ ಮೊದಲು ಮಾಡಿದರು. ಅವರ ಮೊದಲ ರೋಗಿ 82 ವರ್ಷದ ಅಜ್ಜಿ, ಬೆರಳಿಗೆ ಗ್ಯಾಂಗ್ರೀನ್ ಆಗಿತ್ತು, ಕಾಲು ತೆಗೆಸಿಕೊಳ್ಳಲು ಒಪ್ಪಿರಲಿಲ್ಲ. ಆಕೆ ಮುಂದೆ ಎರಡೂವರೆ ವರ್ಷ ಬದುಕಿ, ಸಾಯುವವರೆಗೂ ತನ್ನ ಕಾಲ ಮೇಲೆಯೇ ನಡೆದಾಡಿದಳು. ಎರಡೂ ದಾರಿಗಳು ಹುಟ್ಟಿದ್ದೇ ನಿಮ್ಮ ಮನೆಯಲ್ಲಿ ಇವತ್ತು ಇರುವ ಕಷ್ಟದಿಂದ.

ಎರಡರಲ್ಲಿ ಯಾವುದು ಮೇಲು ಎಂದು ದೊಡ್ಡ ಅಧ್ಯಯನಗಳೇ ನಡೆದಿವೆ. 2022ರಲ್ಲಿ ಹೊರಬಂದ ಬೆಸ್ಟ್-ಸಿಎಲ್‌ಐ ಅಧ್ಯಯನದಲ್ಲಿ 1,830 ರೋಗಿಗಳಿದ್ದರು. ಕಾಲಿನ ಉದ್ದನೆಯ ಸಿರೆ ಚೆನ್ನಾಗಿದ್ದವರಲ್ಲಿ ಮೊದಲು ಬೈಪಾಸ್ ಮಾಡಿಸಿಕೊಂಡವರ ಪೈಕಿ ಶೇ 42.6 ಮಂದಿಗೆ ಕಾಲು ಹೋಗುವುದು, ದೊಡ್ಡ ಮರುಚಿಕಿತ್ಸೆ ಅಥವಾ ಸಾವು ಇವುಗಳಲ್ಲೊಂದು ಎದುರಾಯಿತು, ಮೊದಲು ಬಲೂನ್ ಮಾಡಿಸಿಕೊಂಡವರಲ್ಲಿ ಶೇ 57.4 ಮಂದಿಗೆ. ಸಿರೆ ಸರಿಯಿಲ್ಲದವರಲ್ಲಿ ಎರಡಕ್ಕೂ ಅಂಥ ವ್ಯತ್ಯಾಸ ಕಾಣಲಿಲ್ಲ. ಮರುವರ್ಷ ಬಂದ ಬೇಸಿಲ್-2 ಅಧ್ಯಯನ ಇದಕ್ಕೆ ತಿರುಗಿ ನಿಂತಿತು. ಅದರಲ್ಲಿ 345 ರೋಗಿಗಳು, ಎಲ್ಲರಿಗೂ ಮೊಣಕಾಲ ಕೆಳಗಿನ ಸಣ್ಣ ನಾಳಗಳನ್ನೂ ತೆರೆಯಬೇಕಾಗಿತ್ತು. ಅಲ್ಲಿ ಕಾಲು ಕಳೆದುಕೊಂಡವರು ಅಥವಾ ತೀರಿಕೊಂಡವರು ಬೈಪಾಸ್ ಗುಂಪಿನಲ್ಲಿ ಶೇ 63, ಬಲೂನ್ ಗುಂಪಿನಲ್ಲಿ ಶೇ 53. ಈ ಅಂಕಿಗಳನ್ನು ಬರೆಯುವ ಉದ್ದೇಶ ನಿಮ್ಮನ್ನು ಹೆದರಿಸುವುದಲ್ಲ. ಈ ರೋಗ ಎಷ್ಟು ಗಂಭೀರ ಎಂಬುದು ಮನೆಯವರಿಗೆಲ್ಲ ತಿಳಿದಿರಬೇಕು. "ಬೈಪಾಸೇ ಗಟ್ಟಿ" ಎಂದೋ "ಈಗ ಕೊಯ್ಯೋ ಕಾಲ ಹೋತು, ಸ್ಟೆಂಟ್ ಹಾಕಿದ್ರ ಮುಗೀತು" ಎಂದೋ ಯಾರಾದರೂ ಕಾಲು ನೋಡದೆ ಹೇಳಿದರೆ ನಂಬಬೇಡಿ ಎಂಬುದಕ್ಕೂ ಬರೆದೆ.

ನೀವು ಬರೆದ ವರದಿಯನ್ನು ನಂಬಿ ನನ್ನ ಅಭಿಪ್ರಾಯ ಹೇಳುತ್ತೇನೆ. ತೊಡೆಯ ನಾಳ ಉದ್ದಕ್ಕೂ ಮುಚ್ಚಿದೆ, ಮೊಣಕಾಲ ಹಿಂದೆ ಮತ್ತೆ ತೆರೆದುಕೊಂಡಿದೆ, ಅಲ್ಲಿಂದ ಒಂದು ನಾಳ ಪಾದದವರೆಗೆ ಹೋಗಿದೆ ಎಂದಾದರೆ ಬೈಪಾಸಿಗೆ ಇಳಿಯುವ ಜಾಗ ಇದೆ. ಡಾಪ್ಲರ್ ಸ್ಕ್ಯಾನ್‌ನಲ್ಲಿ ಕಾಲಿನ ಉದ್ದನೆಯ ಸಿರೆ 3 ಮಿಲಿಮೀಟರಿಗಿಂತ ದಪ್ಪವಿದ್ದು, ಹೃದಯದ ಎಕೋ ಚೆನ್ನಾಗಿದ್ದರೆ ನಾನು ನನ್ನ ತಂದೆಗಾದರೂ ಬೈಪಾಸ್ ಆರಿಸುತ್ತಿದ್ದೆ. ಸಿರೆ ಸಣ್ಣದಿದ್ದರೆ, ಹೃದಯ ದುರ್ಬಲವಾಗಿದ್ದರೆ ಬಲೂನ್. ಪ್ಲಾಸ್ಟಿಕ್ ಕೊಳವೆ ಜೋಡಿಸುವುದೂ ಇದೆ. ಆದರೆ ಮೊಣಕಾಲ ಕೆಳಗೆ ಅದು ಬೇಗ ಕಟ್ಟಿಕೊಳ್ಳುತ್ತದೆ, ಸೋಂಕು ತಗುಲಿದರೆ ಪಾರಾಗುವುದು ಕಷ್ಟ. ಹುಣ್ಣಿರುವ ಕಾಲಿಗೆ ಅದು ನನ್ನ ಕಡೆಯ ಆಯ್ಕೆ.

ಈ ಆಪರೇಷನ್‌ನಲ್ಲಿ ನಿಜವಾಗಿ ಏನು ಮಾಡುತ್ತೇವೆ ಎಂಬುದು ತಿಳಿದರೆ ನಿಮ್ಮ ತಂದೆಯವರಿಗೆ ಧೈರ್ಯ ಬರಬಹುದು. ಸಾಮಾನ್ಯವಾಗಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ತೊಡೆಸಂದಿನಿಂದ ಮೊಣಕಾಲ ಕೆಳಗಿನವರೆಗೆ ಚರ್ಮದಡಿಯ ಸಿರೆಯನ್ನು ಬಿಡಿಸುತ್ತೇವೆ. ಅದಕ್ಕೆ ಬಳ್ಳಿಯ ಕವಲಿನಂತೆ ಸಣ್ಣ ಸಣ್ಣ ಕವಲುಗಳಿರುತ್ತವೆ, ಒಂದೊಂದನ್ನೂ ದಾರದಿಂದ ಕಟ್ಟಬೇಕು. ಬಿಟ್ಟುಹೋದ ಒಂದು ಕವಲು ಸಾಕು, ರಾತ್ರಿ ರಕ್ತ ಸೋರಿ ಮತ್ತೆ ಥಿಯೇಟರಿಗೆ ಓಡಬೇಕಾಗುತ್ತದೆ. ಸಿರೆಯೊಳಗೆ ರಕ್ತ ಹಿಂದಕ್ಕೆ ಬಾರದಂತೆ ತಡೆಯುವ ಕವಾಟಗಳಿವೆ, ಅವು ಹೃದಯದ ಕಡೆಗೆ ಮಾತ್ರ ತೆರೆಯುತ್ತವೆ. ನಮಗೆ ರಕ್ತ ಪಾದದ ಕಡೆಗೆ ಹೋಗಬೇಕು. ಆದ್ದರಿಂದ ಸಿರೆಯನ್ನು ತಲೆಕೆಳಗು ಮಾಡಿ, ಕೆಳಗಿನ ತುದಿಯನ್ನು ಮೇಲಕ್ಕೆ ತಂದು ಜೋಡಿಸುತ್ತೇವೆ. ಹೊಲಿಯುವ ದಾರ ತಲೆಗೂದಲಿನಷ್ಟು ತೆಳು. ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡೇ ಹೊಲಿಯಬೇಕು. ಮೇಲೊಂದು ಜೋಡಣೆ, ಕೆಳಗೊಂದು. ಮೂರರಿಂದ ಐದು ತಾಸು ಹಿಡಿಯುತ್ತದೆ.

ಆಮೇಲೆ ರಕ್ತ ತಡೆದಿದ್ದ ಕ್ಲಾಂಪ್ ಬಿಡುತ್ತೇವೆ. ಚಪ್ಪಟೆಯಾಗಿ ಬಿದ್ದಿದ್ದ ಸಿರೆ ತುಂಬಿಕೊಂಡು ಬಡಿಯತೊಡಗುತ್ತದೆ. ನರ್ಸ್ ಪಾದದ ಮೇಲೆ ಡಾಪ್ಲರ್ ಹಿಡಿಯುತ್ತಾರೆ. ಅದೇ ದಿನ ಮುಂಜಾನೆ, ಗಾಳಿ ಸುಳಿದಂಥ ಸದ್ದು ಬಿಟ್ಟರೆ ಏನೂ ಕೇಳದಿದ್ದ ಜಾಗದಲ್ಲಿ ಈಗ ಧಪ್ ಧಪ್ ಎಂಬ ಬಡಿತ. ತುಸು ಹೊತ್ತಿಗೆ ಪಾದದ ಬಣ್ಣ ತಿರುಗುತ್ತದೆ. ಮರುದಿನ ರೌಂಡ್ಸಿಗೆ ಹೋದಾಗ ಎಷ್ಟೋ ತಿಂಗಳ ನಂತರ ಕಾಲು ಚಾಚಿ ಮಲಗಿದ ಮುದುಕರನ್ನು ನೋಡಿದ್ದೇನೆ. ಈ ಕೆಲಸದಲ್ಲಿ ನನ್ನನ್ನು ಇಷ್ಟು ವರ್ಷ ಹಿಡಿದಿಟ್ಟಿರುವುದು ಆ ನೋಟವೇ.

ಅಪಾಯಗಳನ್ನೂ ಕೇಳಿಸಿಕೊಳ್ಳಿ. ಕಾಲಿನ ನಾಳ ಮುಚ್ಚಿದವರಿಗೆ ಹೃದಯದ ನಾಳದಲ್ಲೂ ಬಹಳ ಸಲ ತಡೆ ಇರುತ್ತದೆ, ಆಪರೇಷನ್ ಸಮಯದ ದೊಡ್ಡ ಭಯ ಹೃದಯಾಘಾತ. ತೊಡೆಸಂದಿನ ಗಾಯಕ್ಕೆ ಸೋಂಕು ತಗುಲಬಹುದು, ಶುಗರ್ ಇದ್ದವರಲ್ಲಿ ಹೆಚ್ಚು. ಜೋಡಿಸಿದ ಸಿರೆ ಮೊದಲ ದಿನಗಳಲ್ಲೇ ಕಟ್ಟಬಹುದು, ಆಗ ಮತ್ತೆ ತೆರೆಯಬೇಕಾಗುತ್ತದೆ. ಕಾಲು ಕೆಲವು ವಾರ ಊದಿಕೊಂಡಿರುವುದು ಸಾಮಾನ್ಯ, ಅದಕ್ಕೆ ಗಾಬರಿ ಬೇಡ. ಮೊದಲ ವರ್ಷ ಸಿರೆ ಒಳಗೇ ಕಿರಿದಾಗುವ ಸಂಭವ ಹೆಚ್ಚಾದ್ದರಿಂದ ಡಾಪ್ಲರ್ ತಪಾಸಣೆಗೆ ಕರೆದಾಗೆಲ್ಲ ಬರಬೇಕು, ಸುಗ್ಗಿ ಇದ್ದರೂ. ಆಸ್ಪಿರಿನ್‌ನಂಥ ಮಾತ್ರೆ, ಕೊಬ್ಬಿನ ಮಾತ್ರೆ ಜೀವನಪೂರ್ತಿ. ಬೀಡಿ ಮಾತ್ರ ಇಂದೇ ನಿಲ್ಲಬೇಕು. ಹೊಲಿದ ಸಿರೆಯನ್ನು ಬೀಡಿಯ ಹೊಗೆ ಮುಚ್ಚಿದ್ದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ, ಪ್ರತಿ ಸಲವೂ ಸಂಕಟವಾಗಿದೆ.

ಕಾಲು ತೆಗೆಯಬೇಕು ಎಂದ ವೈದ್ಯರು ತಪ್ಪು ಎಂದು ನಾನು ಹೇಳುತ್ತಿಲ್ಲ. ಹಿಮ್ಮಡಿ, ಅಂಗಾಲು ಪೂರ್ತಿ ಕೊಳೆತು ನಡೆಯುವ ಪಾದವೇ ಉಳಿಯದಿದ್ದಾಗ, ನಂಜು ರಕ್ತಕ್ಕೆ ಏರಿದಾಗ, ವರ್ಷಗಟ್ಟಲೆ ಹಾಸಿಗೆ ಹಿಡಿದು ಮೊಣಕಾಲು ಮಡಿಚಿಯೇ ಹೋದಾಗ ಕಾಲು ತೆಗೆಯುವುದೇ ಜೀವ ಉಳಿಸುವ ದಾರಿ. ಆಗಲೂ ಮೊಣಕಾಲು ಉಳಿಸಿಕೊಳ್ಳಲು ಒದ್ದಾಡಬೇಕು, ಏಕೆಂದರೆ ಮೊಣಕಾಲಿದ್ದವರು ಕೃತಕ ಕಾಲಿನಲ್ಲಿ ನಡೆಯುವುದು ಬಹಳ ಸುಲಭ. ಆದರೆ ನಿಮ್ಮ ತಂದೆಯವರದು ಎರಡು ಒಣಗಿದ ಬೆರಳು, ಎರಡು ತಿಂಗಳ ಹಿಂದಿನವರೆಗೂ ಹೊಲಕ್ಕೆ ನಡೆದು ಹೋದ ಕಾಲು. ಆ ವೈದ್ಯರನ್ನೇ ಮತ್ತೆ ಕಂಡು ಕೇಳಿ: "ರಕ್ತ ತರಿಸೋದು ಆಗೋದಿಲ್ಲ ಅಂತ ನೋಡೇ ಹೇಳಿದ್ರೇನ್ರಿ?" ಅದನ್ನು ಕೇಳುವುದು ಅಗೌರವವಲ್ಲ.

ಚಿಕ್ಕಪ್ಪನ ಮಗನದು ಬಹುಶಃ ಬೇರೆ ರೋಗ. 34ರ ವಯಸ್ಸು, ನೀಲಿಗಟ್ಟುವ ಬೆರಳು ಎಂದ ಕೂಡಲೇ ನಾನು ಕೇಳುವುದು ತಂಬಾಕಿನ ಬಗ್ಗೆ. ತಂಬಾಕು ಬಳಸುವ ಇಂಥ ವಯಸ್ಸಿನವರಿಗೆ ಬರುವ ಒಂದು ನಾಳದ ರೋಗವಿದೆ, 1908ರಲ್ಲಿ ಲಿಯೋ ಬರ್ಗರ್ ಎಂಬ ವೈದ್ಯರು ವಿವರಿಸಿದ್ದರಿಂದ ಬರ್ಗರ್ ರೋಗ ಎಂದೇ ಅದಕ್ಕೆ ಹೆಸರು. ಕಾಲಿನ, ಕೈಯ ಸಣ್ಣ ನಾಳಗಳು ಉರಿ ಬಂದು ಮುಚ್ಚುತ್ತವೆ. ತುದಿಯ ನಾಳಗಳೇ ಹೋಗಿರುವುದರಿಂದ ಬೈಪಾಸ್ ಜೋಡಿಸಲು ಬಹಳ ಸಲ ಜಾಗವೇ ಸಿಗುವುದಿಲ್ಲ. ತಂಬಾಕು ಪೂರ್ತಿ ಬಿಟ್ಟವರ ಕಾಲು ಹೆಚ್ಚಾಗಿ ಉಳಿಯುತ್ತದೆ, ದಿನಕ್ಕೆ ಒಂದೆರಡು ಸೇದಿದರೂ ಕಾಲು ಹೋಗುವ ಅಪಾಯ ಉಳಿಯುತ್ತದೆ. ಗುಟ್ಕಾ, ತಂಬಾಕಿನ ಎಲೆಅಡಿಕೆ ಕೂಡ ಲೆಕ್ಕಕ್ಕೆ ಬರುತ್ತವೆ. ಮನೆತನದ ರೋಗ ಎಂದು ಕೈಚೆಲ್ಲಬೇಡಿ. ಬೆರಳು ನೀಲಿಗಟ್ಟಲು ಬೇರೆ ಕಾರಣಗಳೂ ಇವೆ, ಅವನನ್ನೂ ಜೊತೆಗೆ ಕರೆತನ್ನಿ.

ಆಸ್ಪತ್ರೆ ತಲುಪುವವರೆಗೆ ಮನೆಯಲ್ಲಿ: ಪಾದ ಒಣಗಿರಲಿ, ಬೆರಳ ಸಂದಿಯಲ್ಲಿ ಒಣ ಗಾಜ್ ಇಟ್ಟು ಸಡಿಲ ಪಟ್ಟಿ ಸುತ್ತಿ. ಬಿಸಿನೀರಲ್ಲಿ ಅದ್ದುವುದು, ಇಟ್ಟಿಗೆ ಕಾಯಿಸಿ ಶಾಖ ಕೊಡುವುದು ಬೇಡವೇ ಬೇಡ. ಸ್ಪರ್ಶ ಸತ್ತ ಪಾದಕ್ಕೆ ಸುಟ್ಟದ್ದೂ ಗೊತ್ತಾಗುವುದಿಲ್ಲ. ಎಕ್ಕೆಹಾಲು, ಸುಣ್ಣ, ಬ್ಲೇಡು ಯಾವುದೂ ಬೇಡ. ಇನ್ನೊಂದು ಕಾಲನ್ನೂ ದಿನಾ ಸಂಜೆ ನೀವೇ ನೋಡಿ, ಅದರ ನಾಳಗಳೂ ಅದೇ ಮನುಷ್ಯನವು.

ಇದ್ದಕ್ಕಿದ್ದಂತೆ ಇಡೀ ಕಾಲು ತಣ್ಣಗಾಗಿ ಬಿಳಿಚಿ, ಜೋಮು ಹಿಡಿದು, ಬೆರಳು ಅಲ್ಲಾಡಿಸಲು ಬಾರದಂತಾದರೆ ಅದು ಬೇರೆಯದೇ ತುರ್ತು. ಹೆಪ್ಪು ಬಂದು ಕೂತಿರುತ್ತದೆ. ಆರು ತಾಸಿನೊಳಗೆ ರಕ್ತ ಹರಿಯದಿದ್ದರೆ ಸ್ನಾಯು ಸಾಯತೊಡಗುತ್ತದೆ. ರೋಣದಲ್ಲೊಂದು, ಗದಗದಲ್ಲೊಂದು ಆಸ್ಪತ್ರೆ ಹತ್ತಿ ಇಳಿದು ಹುಬ್ಬಳ್ಳಿ ಮುಟ್ಟುವ ಹೊತ್ತಿಗೆ ಆ ಸಮಯ ಮುಗಿದ ಕಾಲುಗಳನ್ನು ನಾವು ಬಹಳ ನೋಡುತ್ತೇವೆ. 108 ಕರೆದು, ಮೊದಲ ಆಸ್ಪತ್ರೆಯಲ್ಲಿ ಹೆಪ್ಪು ಬೆಳೆಯದಂತೆ ತಡೆಯುವ ಹೆಪಾರಿನ್ ಇಂಜೆಕ್ಷನ್ ಕೊಡಬಹುದೇ ಎಂದು ಕೇಳಿ, ವ್ಯಾಸ್ಕುಲರ್ ಸರ್ಜನ್ (ರಕ್ತನಾಳದ ಶಸ್ತ್ರವೈದ್ಯರು) ಇರುವಲ್ಲಿಗೆ ಫೋನ್ ಮಾಡಿಸಿಯೇ ಹೊರಡಿ.

ಖರ್ಚಿನ ಬಗ್ಗೆ: ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ. ಗದಗದ ಜಿಮ್ಸ್‌ನಲ್ಲೋ ಹುಬ್ಬಳ್ಳಿಯ ಕಿಮ್ಸ್‌ನಲ್ಲೋ ತೋರಿಸಿದರೆ ರೆಫರಲ್ ಪತ್ರದ ಕೆಲಸವೂ ಆಗುತ್ತದೆ. ಅಲ್ಲಿ ಈ ಯೋಜನೆಯ ಸಹಾಯಕ್ಕಿರುವ ಆರೋಗ್ಯ ಮಿತ್ರರನ್ನು ಕಂಡು, ರಕ್ತನಾಳದ ಶಸ್ತ್ರಚಿಕಿತ್ಸೆಗೆ ಯಾವ ಆಸ್ಪತ್ರೆ ನೋಂದಣಿಯಾಗಿದೆ ಎಂದು ಮೊದಲೇ ಕೇಳಿಕೊಳ್ಳಿ. ಈ ಕೆಲಸ ಸೋಮವಾರವೇ ಆಗಲಿ.

ಬರುವಾಗ ಸಿಟಿ ಆಂಜಿಯೋದ ಸಿಡಿ ತನ್ನಿ, ಬರೀ ಕಾಗದದ ವರದಿ ಸಾಲದು, ನಾಳ ಎಲ್ಲಿ ತೆರೆದಿದೆ ಎಂದು ಸರ್ಜನ್ ತಾನೇ ಕಣ್ಣಾರೆ ನೋಡಬೇಕು. ನುಂಗುವ ಎಲ್ಲ ಮಾತ್ರೆಗಳನ್ನು ಚೀಲದಲ್ಲಿ ಹಾಕಿಕೊಳ್ಳಿ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಬೆನ್ನಿನ ಇಂಜೆಕ್ಷನ್‌ಗೆ ಮೊದಲು ಅದು ಗೊತ್ತಾಗಲೇಬೇಕು. ಮತ್ತೆ, ಯಾವ ಆಸ್ಪತ್ರೆಯಲ್ಲೇ ಇರಲಿ, ಸಲೈನ್ ಹಾಕಲು ಕಾಲಿನ ಸಿರೆಗೆ ಸೂಜಿ ಚುಚ್ಚಲು ಬಂದರೆ ಕೈ ಮುಗಿದು ಬೇಡ ಎನ್ನಿ. ಆ ಸಿರೆ ನಮಗೆ ಬೇಕು.